ಯಾಯ್ರಾಳಿಗಾಗಿ ಅಳಬೇಕಾದವರಿಗೆ

ಸಿಲೋವ ಶಾಲೆ, ಅಗೊಕೊಫೆ
ಇಸವಿ 2191, ಮರಳುಗಾಳಿ ತಿಂಗಳ ಹನ್ನೊಂದನೆಯ ದಿನ

ಕೋಡಿಪಡು ಸಭೆಯ ಸ್ತ್ರೀಸಮಾಜದ ಕಾರ್ಯದರ್ಶಿ ಸುವಾಸಿನಿ ಜತ್ತನ್ನ ಅಮ್ಮನವರಿಗೆ, ಶಾಲೆಯ ಮುಖ್ಯೋಪಾಧ್ಯಾಯಿನಿ ಅಕ್ಪೆನೆ ಡೊರ್ಕೆನೂ ಮಾಡುವ ವಂದನೆಗಳು.

ಮೇಲಿನ ಇಸವಿ ಕೈತಪ್ಪಿನಿಂದ ಬಿದ್ದದ್ದಲ್ಲ. ನೀವು ಇದನ್ನು ಓದುವ ಹೊತ್ತಿಗೆ ನಾನು ಹುಟ್ಟಲು ಇನ್ನೂ ನೂರಹದಿನೇಳು ವರ್ಷಗಳಿರುತ್ತವೆ. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ಘಾನಾ ದೇಶದ ಈ ಕರಾವಳಿಗೆ ನಿಮ್ಮ ಭಾಷೆ ಬಂದದ್ದು ಒಬ್ಬ ಹೆಂಗಸಿನ ಬಾಯಿಯಲ್ಲಿ. ಆಕೆ ನಿಮ್ಮ ತಂಗಿ ಲಿಡಿಯಾ. ಇಲ್ಲಿಗೆ ಬಂದು ಮೂವತ್ತೊಂದು ವರ್ಷ ಪಾಠ ಮಾಡಲಿರುವುದು ನೀವು ಇದನ್ನು ಓದುವ ಹೊತ್ತಿಗೆ ಅವರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ನಮ್ಮ ಮಕ್ಕಳ ಸಮವಸ್ತ್ರ ಹೊಲಿಯುವ ಕೋಡಿಪಡಿನ ಅಜ್ಜಿಯಂದಿರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಅವರಿಗೆ ಬರೆಯುವ ಕಾಗದ ಅವರ ಭಾಷೆಯಲ್ಲೇ ಇರಬೇಕು ಎಂದು ಲಿಡಿಯಾ ಅಮ್ಮನವರು ಹಟ ಹಿಡಿದರಂತೆ. ನಿಮ್ಮೂರಿನಿಂದ ಸಮವಸ್ತ್ರದ ಕೊನೆಯ ಪೆಟ್ಟಿಗೆ ಬಂದು ಎಂಬತ್ತು ವರ್ಷಗಳಾದವು. ಕಾಗದ ಬರೆಯುವ ಪಾಠ ಮಾತ್ರ ನಿಂತಿಲ್ಲ. ತಿದ್ದುವವರಿಲ್ಲದೆ ಒಂದೇ ಶಾಲೆಯ ಗೋಡೆಗಳೊಳಗೆ ಬೆಳೆದ ಕನ್ನಡ ಇದು.

ನಿಮ್ಮ ಕಾಲದಲ್ಲಿ ಅಗೊಕೊಫೆ ಸಮುದ್ರಕ್ಕೂ ಹಿನ್ನೀರಿಗೂ ನಡುವಿನ ಮರಳಪಟ್ಟಿಯ ಮೇಲಿದೆ. ಮೀನು ಹಿಡಿದು, ಮರಳಿನಲ್ಲಿ ಸಣ್ಣ ಈರುಳ್ಳಿ ಬೆಳೆದು ಅರೆಹೊಟ್ಟೆ ಉಣ್ಣುವ ಜನ. ನನ್ನ ಕಾಲಕ್ಕೆ ಹಿನ್ನೀರು ಪೂರ್ತಿ ಬತ್ತಿದೆ. ಅದರ ತಳ ಕಣ್ಣು ಹಾಯುವಷ್ಟು ದೂರ ಬೆಳ್ಳಗೆ ಹರಡಿಕೊಂಡಿದೆ. ಅದು ಉಪ್ಪು. ಅದನ್ನು ಕೆರೆದು ಮಾರುವುದೇ ನಮ್ಮ ಜೀವನ. ಗಾಳಿ ನಿಂತ ದಿನ ಆ ತಳದ ಬಿರುಕುಗಳಿಂದ ನಾವು ಮೂಕಗಾಳಿ ಎಂದು ಕರೆಯುವುದು ಏಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಭಾರವಾದ ಕಾರಣ ಮೇಲೇರದೆ, ನೆಲದಿಂದ ಮೊಣಕಾಲಿನವರೆಗೆ, ಕೆಲವೊಮ್ಮೆ ಸೊಂಟದವರೆಗೆ ನೀರಿನಂತೆ ನಿಲ್ಲುತ್ತದೆ. ಅದರೊಳಗೆ ತಲೆ ಬಗ್ಗಿಸಿದವರು ಕೂಗುವುದಿಲ್ಲ, ಕೆಮ್ಮುವುದೂ ಇಲ್ಲ. ಮಲಗಿಬಿಡುತ್ತಾರೆ.

ಆದ್ದರಿಂದ ನಮ್ಮ ಮನೆಗಳೆಲ್ಲ ಕಂಬಗಳ ಮೇಲಿವೆ. ಪ್ರತಿ ಮಗುವಿಗೂ ಒಂದು ಮಂಡಿದೀಪವಿದೆ, ಅಂದರೆ ಕೋಲಿನ ತುದಿಗೆ ತೂಗುಹಾಕಿದ, ಮಂಡಿಯ ಮಟ್ಟದಲ್ಲಿ ಹಿಡಿದು ನಡೆಯಬೇಕಾದ ಸಣ್ಣ ಎಣ್ಣೆದೀಪ. ದೀಪ ಆರಿದರೆ ಹಿಂದಿರುಗಿ ಓಡಬೇಕು. ನಮ್ಮಲ್ಲಿ ಮಕ್ಕಳು ಕಲಿಯುವ ಮೊದಲ ಪಾಠ ಇದು, ಅಕ್ಷರ ಆಮೇಲೆ. ಉರಿಬಿಸಿಲಿನಲ್ಲಿ ಆ ಬಿಳಿಯ ಬಯಲನ್ನು ಅರುವತ್ತು ದೀಪಗಳು ದಾಟಿ ಬರುವುದನ್ನು ನಾನು ಮೇಲಂತಸ್ತಿನ ಕಿಟಕಿಯಿಂದ ದಿನಾ ನೋಡುತ್ತೇನೆ. ಹೊಸಬರು ಯಾರಾದರೂ ನೋಡಿದರೆ ಶವಯಾತ್ರೆ ಎಂದುಕೊಂಡಾರು. ಮೆಟ್ಟಿಲು ಹತ್ತಿ ಬಂದವರು ದೀಪ ಆರಿಸಿ ಗೂಟಕ್ಕೆ ಸಿಕ್ಕಿಸುತ್ತಾರೆ. ಪ್ರಾರ್ಥನೆ, ಲೆಕ್ಕ, ಇಂಗ್ಲಿಷ್, ನಮ್ಮ ಮನೆಮಾತಾದ ಎವೆ ಭಾಷೆ, ಮಧ್ಯಾಹ್ನ ಜೋಳದ ಮುದ್ದೆಯೊಂದಿಗೆ ಬೆಂಡೆಕಾಯಿ ಸಾರು, ಆಮೇಲೆ ಕನ್ನಡ. ಅಂತಸ್ತಿನ ಮನೆ ಯಾರಿಗೂ ಬೇಕಿಲ್ಲದ ಕಾಲದಲ್ಲಿ ಈ ಮೇಲಂತಸ್ತನ್ನು ಕಟ್ಟಿಸಿ, ಅದಕ್ಕೆ ನಿಮ್ಮೂರಿನ ಹಂಚು ಹೊದೆಸಿದವರು ನೀವು. ಯಾಕೆ ಕಟ್ಟಿಸಿದಿರಿ ಎಂಬುದು ನಮಗೆ ಯಾರಿಗೂ ತಿಳಿದಿರಲಿಲ್ಲ.

ಕಳೆದ ವರ್ಷ ಈಸ್ಟರಿಗೆ ಆರು ವಾರ ಮುಂಚೆ ಒಡೆದ ಹಂಚು ಬದಲಿಸುವಾಗ, ತೊಲೆಯ ಮೇಲೆ ಒಂದು ತಗಡಿನ ಡಬ್ಬಿ ಸಿಕ್ಕಿತು. ಸಿಕ್ಕಿದ್ದು ಎಫೊ ಮಾವುಲಿಯವರಿಗೆ. ಎಫೊ ಎಂದರೆ ಅಣ್ಣ. ಅವರು ನಮ್ಮ ಬೈಬಲ್ ಪಾಠದ ಮೇಷ್ಟ್ರು. ಒಳಗಿದ್ದ ಕಾಗದ ಮುಟ್ಟಿದರೆ ಪುಡಿಯಾಗುವಷ್ಟು ಹಳೆಯದು. ನಿಮ್ಮ ಅಕ್ಷರ ನನಗೆ ಗೊತ್ತು. ಶಾಲೆಯಲ್ಲಿ ನಿಮ್ಮ ನಲವತ್ತು ಕಾಗದಗಳಿವೆ, ಅವನ್ನು ನೋಡಿಯೇ ನಾವು ಬರೆಯಲು ಕಲಿತವರು. ಮೇಲೆ 2027ರ ಆಗಸ್ಟ್ ತಾರೀಕಿತ್ತು. ಕೆಳಗೆ ಹೀಗಿತ್ತು:

"ಪ್ರೀತಿಯ ಅಕ್ಪೆನೆ, ನಿನ್ನ ಕಾಗದ ತಲಪಿತು. ಶುಭ ಶುಕ್ರವಾರದ ಮರುದಿನ ಮೇಕೆಮರಿಯನ್ನು ಎತ್ತಲು ಬಗ್ಗಿ ತೀರಿಕೊಂಡ ಆ ಒಂಬತ್ತು ವರ್ಷದ ಯಾಯ್ರಾಳಿಗಾಗಿ ಸ್ತ್ರೀಸಮಾಜದವರೆಲ್ಲ ಅತ್ತೆವು. ದೀಪವನ್ನು ಎತ್ತರಕ್ಕೆ ಹಿಡಿದುಬಿಟ್ಟಳಲ್ಲ, ಮಗು. ಶಾಲೆಗೆ ಕೊಡುವ ನೆರವನ್ನು ಈ ವರ್ಷಕ್ಕೆ ನಿಲ್ಲಿಸುವುದೆಂದು ಮಾತಾಗಿತ್ತು. ಇನ್ನು ನಿಲ್ಲಿಸುವುದಿಲ್ಲ. ನೀನು ಹೇಳಿದಂತೆ ಮೇಲಂತಸ್ತು ಕಟ್ಟಿಸುತ್ತೇವೆ."

ನಾನು ನಿಮಗೆ ಯಾವ ಕಾಗದವನ್ನೂ ಬರೆದಿರಲಿಲ್ಲ. ಮತ್ತು ಯಾಯ್ರಾ ಆ ಹೊತ್ತಿನಲ್ಲಿ ನನ್ನಿಂದ ಆರು ಹೆಜ್ಜೆ ದೂರದಲ್ಲಿ ಕೂತು, ಪಕ್ಕದವಳ ಬಳಪ ಕಸಿದುಕೊಳ್ಳುತ್ತಿದ್ದಳು.

ಎಫೊ ಮಾವುಲಿ ಕಾಗದವನ್ನು ಎರಡು ಸಲ ಓದಿದರು. "ಸುಟ್ಟುಬಿಡಿ ಟೀಚರ್," ಎಂದರು. "ಇದು ದೇವರ ಕಡೆಯಿಂದ ಬಂದದ್ದಲ್ಲ."

"ಅವರದ್ದೇ ಅಕ್ಷರ ಉಂಟಲ್ಲ ಎಫೊ. ನಮಗೆ ಮೇಲಂತಸ್ತು ಕೊಟ್ಟವರು ನಮಗೆ ಕೆಟ್ಟದ್ದು ಮಾಡ್ತಾರಾ?"

"ನನಗೆ ಗೊತ್ತಿಲ್ಲ. ಆದ್ರೆ ಆ ಹುಡುಗಿ ಮುಖ ನೋಡ್ಲಿಕ್ಕೆ ಇವತ್ತಿಂದ ನನಗೆ ಧೈರ್ಯ ಇಲ್ಲ."

ನನಗೂ ಇರಲಿಲ್ಲ. ಆರು ವಾರ ನಾನು ಅವಳ ಹೆಸರನ್ನು ಹಾಜರಿ ಪುಸ್ತಕದಿಂದ ತಲೆಯೆತ್ತದೆ ಕೂಗುತ್ತಿದ್ದೆ. ಅವಳಿಗೆ ತಂದೆತಾಯಿ ಇಲ್ಲ. ಉಪ್ಪು ಕೆರೆಯುವ ಅಜ್ಜಿ ಕೊಶಿವಾ ಸಾಕುತ್ತಿದ್ದಾರೆ. ಶುಭ ಶುಕ್ರವಾರದ ಮರುದಿನ ಶಾಲೆಗೆ ರಜೆ. ಬೆಳಕು ಹರಿದ ಕೂಡಲೇ ನಾನು ದೀಪ ಹಿಡಿದು ಅವರ ಮನೆಗೆ ಹೋದೆ. ಕೊಶಿವಾ ನಾಲ್ಕನೆಯ ತರಗತಿಯವರೆಗೆ ನಮ್ಮ ಶಾಲೆಯಲ್ಲಿ ಓದಿದವರು. ಬೈಯುವಾಗ ಮಾತ್ರ ಕನ್ನಡ ಬಳಸುತ್ತಾರೆ. ನಾನು ವಿಷಯ ಹೇಳಿದೆ.

"ಒಂದು ಕಾಗದ ಹೇಳ್ತು ಅಂತ ಮಗುವನ್ನು ಕೂಡಿಹಾಕುದಾ?" ಎಂದು ಅವರು ಉಪ್ಪಿನ ಬುಟ್ಟಿಯನ್ನು ದೊಪ್ಪನೆ ಇಟ್ಟರು. "ಸತ್ತವರ ಕಾಗದ ಓದಿ ಓದಿ ನಿಮಗೆ ತಲೆ ಕೆಟ್ಟಿದೆ ಮಾರಾಯ್ತಿ. ಇವತ್ತು ಉಪ್ಪು ಎತ್ತದಿದ್ರೆ ನಾಳೆ ಹಬ್ಬಕ್ಕೆ ನೀವು ಅನ್ನ ಹಾಕ್ತೀರಾ?"

"ಹಾಕ್ತೇನೆ ಮಾಮಾ." ನಮ್ಮಲ್ಲಿ ಅಜ್ಜಿಯನ್ನು ಮಾಮಾ ಎನ್ನುತ್ತೇವೆ. "ಇವತ್ತು ಒಂದು ದಿನ ಅವಳನ್ನು ನನಗೆ ಕೊಡಿ. ಸಂಜೆಗೆ ನಿಮ್ಮ ಮನೆಗೇ ಬಿಡ್ತೇನೆ. ಏನೂ ಆಗದಿದ್ರೆ ಊರೆದುರು ನನ್ನನ್ನು ಹುಚ್ಚಿ ಅಂತ ಕರೀರಿ."

ಅವರು ಯಾಯ್ರಾಳ ಬೆನ್ನಿಗೆ ಒಂದು ತಳ್ಳು ಕೊಟ್ಟು, "ಹೋಗು," ಎಂದರು.

ಒಂಬತ್ತು ಗಂಟೆಯ ಸುಮಾರಿಗೆ ಗಾಳಿ ನಿಂತಿತು. ಕಂಬಕ್ಕೆ ಕಟ್ಟಿದ ಬಟ್ಟೆ ಜೋತುಬಿತ್ತು. ಎಫೊ ಮಾವುಲಿ ಗಂಟೆ ಬಾರಿಸಿದರು. ಬಯಲಲ್ಲಿದ್ದವರೆಲ್ಲ ಓಡಿಹೋಗಿ ಮನೆಗಳ ಏಣಿ ಹತ್ತಿದರು. ಮೇಲಂತಸ್ತಿನಲ್ಲಿ ನಾವು ಮೂವರೇ ಇದ್ದೆವು. ಯಾಯ್ರಾ ನನ್ನ ಕೈ ಹಿಡಿದು ಕಿಟಕಿಯಲ್ಲಿ ನಿಂತಿದ್ದಳು. ಅವಳ ದೀಪ ಗೂಟದಲ್ಲಿತ್ತು. ಅದರ ತಳದಲ್ಲಿ ಅವಳೇ ಮೊಳೆಯಿಂದ 'ಯಾ' ಎಂದು ಕೊರೆದಿದ್ದಳು.

ಆಗ ಕೊಶಿವಾರ ಮನೆಯ ಕಡೆಯಿಂದ ಒಂದು ದೀಪ ಹೊರಟಿತು.

ಮಂಡಿಯ ಮಟ್ಟದಲ್ಲಿರಲಿಲ್ಲ, ತಲೆಯ ಮೇಲಿತ್ತು. ಅದನ್ನು ಹಿಡಿದವಳು ಒಂದು ಹುಡುಗಿ. ಕಟ್ಟು ಬಿಚ್ಚಿಕೊಂಡು ಓಡಿದ್ದ ಮೇಕೆಮರಿ ಅವಳ ಮುಂದೆ ಬಯಲಲ್ಲಿ ಕಾಲು ಮಡಚಿ ಕುಸಿಯಿತು. "ದೀಪ ಕೆಳಗೆ ಹಿಡಿ!" ಎಂದು ನಾನು ಕಿರುಚಿದೆ. ಮೆಟ್ಟಿಲಿಗೆ ಓಡಿದ ನನ್ನನ್ನು ಎಫೊ ಮಾವುಲಿ ಸೊಂಟ ಬಳಸಿ ಹಿಡಿದರು. "ಇಳಿದ್ರೆ ನೀವೂ ವಾಪಸ್ಸು ಬರುದಿಲ್ಲ!" ಎಂದು ಕೂಗಿದರು. ಹುಡುಗಿ ನಿಂತಳು. ತಿರುಗಿ ನಮ್ಮ ಕಿಟಕಿಯನ್ನು ನೋಡಿದಳು.

"ಟೀಚರ್," ಎಂದಳು ಯಾಯ್ರಾ ಮೆಲ್ಲಗೆ. "ಆ ಫ್ರಾಕು ನನ್ನದು."

ನಾನು ಅವಳ ಕಣ್ಣು ಮುಚ್ಚಲು ಹೋದೆ. ಅವಳು ನನ್ನ ಕೈ ಸರಿಸಿದಳು. ಕಿಟಕಿಯಾಚೆಗೆ ಕೈಯೆತ್ತಿದಳು. ಬಯಲಲ್ಲಿದ್ದವಳೂ ಕೈಯೆತ್ತಿದಳು. ಆಮೇಲೆ ಮೇಕೆಮರಿಯನ್ನು ಎತ್ತಲು ಬಗ್ಗಿದಳು, ಮೇಲೇಳಲಿಲ್ಲ.

ಮಧ್ಯಾಹ್ನ ಗಾಳಿ ಮರಳಿದ ಮೇಲೆ ನಾವು ಹೋದೆವು. ಮೇಕೆಮರಿ ಸತ್ತು ಬಿದ್ದಿತ್ತು. ಅದರ ಪಕ್ಕ ಉಪ್ಪಿನಲ್ಲಿ, ಮಗ್ಗುಲಾಗಿ ಮಲಗಿದ ಮಗುವಿನ ಅಚ್ಚು ಮೂಡಿತ್ತು. ಭುಜ, ಮಡಚಿದ ಮಂಡಿ, ಕೆನ್ನೆ. ಮಗು ಇರಲಿಲ್ಲ. ದೀಪವೊಂದು ಉರುಳಿತ್ತು. ಅದರ ತಳದಲ್ಲೂ 'ಯಾ' ಎಂದು ಕೊರೆದಿತ್ತು. ಎಫೊ ಮಾವುಲಿ ಮಂಡಿಯೂರಿ ಪ್ರಾರ್ಥನೆ ಆರಂಭಿಸಿದರು. ಯಾರ ಹೆಸರು ಹೇಳಬೇಕೆಂದು ತಿಳಿಯದೆ ನಡುವೆಯೇ ಎದ್ದುಬಿಟ್ಟರು. ಕೊಶಿವಾ ಎಲ್ಲವನ್ನೂ ತಮ್ಮ ಬಾಗಿಲಿನಿಂದಲೇ ನೋಡಿದ್ದರು. ಆ ಸಂಜೆ ಅವರು ಸಾರಿನ ಪಾತ್ರೆ ಹೊತ್ತುಕೊಂಡು ಬಂದು ಶಾಲೆಯ ಮೆಟ್ಟಿಲ ಮೇಲೆ ಕೂತರು. ನನ್ನನ್ನು ಹುಚ್ಚಿ ಎನ್ನಲಿಲ್ಲ. ಯಾಯ್ರಾಳ ಕೈಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು.

ಯಾಯ್ರಾ ಬದುಕಿದ್ದಾಳೆ. ಈಗ ಹತ್ತು ವರ್ಷ. ಭಾಗಾಕಾರದಲ್ಲಿ ಎಲ್ಲರಿಗಿಂತ ಚುರುಕು. ಬಯಲಲ್ಲಿ ಆ ಜಾಗ ಬಂದಾಗ ಮಾತ್ರ ಸುತ್ತುಹಾಕಿ ನಡೆಯುತ್ತಾಳೆ, ಮಲಗಿದವರನ್ನು ದಾಟಬಾರದು ಎಂಬಂತೆ. ಮಳೆ ಬಂದು ಹೋದರೂ ಆ ಅಚ್ಚು ಅಳಿಸಿಲ್ಲ.

ಒಂಬತ್ತು ತಿಂಗಳು ನಾನು ಈ ಕಾಗದ ಬರೆಯದೆ ತಡಮಾಡಿದೆ. ಅವಳು ಸತ್ತಳೆಂದು ಬರೆಯಲು ಕೈ ಬಾರದು. ಬದುಕಿದ್ದಾಳೆಂದಷ್ಟೇ ಬರೆದರೆ ನೀವು ಆ ಉತ್ತರ ಬರೆಯುವುದಿಲ್ಲ. ಉತ್ತರ ಸಿಗದಿದ್ದರೆ ನಾನು ಆ ಶನಿವಾರ ಅವಳ ಮನೆಗೆ ಹೋಗುತ್ತಲೇ ಇರಲಿಲ್ಲ. ಕೊನೆಗೆ, ಆದದ್ದನ್ನೆಲ್ಲ ಆದಂತೆಯೇ ನಿಮ್ಮ ಮುಂದಿಡುವುದೆಂದು ತೀರ್ಮಾನಿಸಿದೆ. ಇದನ್ನು ಅದೇ ಡಬ್ಬಿಯಲ್ಲಿಟ್ಟು ಅದೇ ತೊಲೆಯ ಮೇಲೆ ಇಡುತ್ತೇನೆ. ಹೇಗೆ ತಲಪುತ್ತದೆಯೋ ತಿಳಿಯದು. ತಲಪಿತ್ತು ಎಂಬುದು ಮಾತ್ರ ಗೊತ್ತು.

ನನ್ನ ಬೇಡಿಕೆಗಳು ಇವು. ನೆರವು ನಿಲ್ಲಿಸಬೇಡಿ. ಊರಿನವರು ನಕ್ಕರೂ ಮೇಲಂತಸ್ತನ್ನು ಕಟ್ಟಿಸಿ, ಮೆಟ್ಟಿಲುಗಳು ಸಣ್ಣ ಕಾಲುಗಳು ಹತ್ತುವಂತಿರಲಿ. ಲಿಡಿಯಾ ಅಮ್ಮನವರು ಹೊರಡುತ್ತೇನೆಂದಾಗ ತಡೆಯಬೇಡಿ. ಈ ಕಾಗದವನ್ನು ಅವರಿಗೆ ತೋರಿಸಲೂ ಬೇಡಿ, ಅವರು ತಾವಾಗಿಯೇ ಬರಲಿ. ನನಗೆ ಬರೆಯುವ ಉತ್ತರದಲ್ಲಿ ಯಾಯ್ರಾ ಬದುಕಿದ್ದಾಳೆ ಎಂಬ ಒಂದು ಮಾತನ್ನೂ ಸೇರಿಸಬೇಡಿ. ನಾನು ಹೆದರಬೇಕು. ಹೆದರಿದರೆ ಮಾತ್ರ ಹೋಗುತ್ತೇನೆ.

ಇಷ್ಟು ಬರೆದು ಯಾಯ್ರಾಳಿಗೆ ಓದಿ ಹೇಳಿದೆ. ಅವಳು ಬಳಪ ಕಚ್ಚುತ್ತಾ ಕೇಳಿದಳು:

"ಆ ಅಜ್ಜಿಯವರು ಅತ್ತದ್ದು ಸುಳ್ಳುಸುಳ್ಳಾ, ಟೀಚರ್? ನಾವು ಹೇಳಿಕೊಟ್ಟದ್ದಕ್ಕೆ ಬರೆದದ್ದಾ?"

"ಗೊತ್ತಿಲ್ಲ ಮಗಾ."

"ಸುಳ್ಳುಸುಳ್ಳೇ ಅಳುದು ಬೇಡ ಅಂತ ಅವರಿಗೆ ಬರೀರಿ. ಬಯಲಲ್ಲಿದ್ದವಳು ನನಗೆ ಕೈ ಬೀಸಿದ್ಳಲ್ಲ. ಅವಳಿಗೆ ಇಲ್ಲಿ ಯಾರೂ ಅಳ್ಲೇ ಇಲ್ಲ."

ಅದು ನಿಜ, ಸುವಾಸಿನಿ ಅಮ್ಮ. ನಮಗೆ ಸಂತೋಷವೇ ಸಂತೋಷವಾಗಿತ್ತು. ಮರುದಿನ ಹಬ್ಬ, ಹಾಡು, ಊಟ. ಉಪ್ಪಿನಲ್ಲಿ ಮಲಗಿದವಳನ್ನು ಮಣ್ಣು ಮಾಡಲು ಒಂದು ದೇಹವೂ ನಮಗೆ ಸಿಗಲಿಲ್ಲ, ಅವಳ ಹೆಸರಿನಲ್ಲಿ ಒಂದು ಪ್ರಾರ್ಥನೆಯೂ ಆಗಲಿಲ್ಲ. ಅವಳ ಹೆಸರು ಇನ್ನೊಬ್ಬಳ ಬಳಿ ಇದೆಯಲ್ಲ. ನೀವು ಹೊಲಿಗೆ ಪಕ್ಕಕ್ಕಿಟ್ಟು, ಎಲ್ಲರೂ ಸೇರಿ, ದಯವಿಟ್ಟು ಅವಳಿಗಾಗಿ ಅಳಿರಿ.

ನಿಮ್ಮ ವಿಧೇಯಳು,
ಅಕ್ಪೆನೆ