ಅಪ್ಪನನ್ನು ಬಿಟ್ಟಿ ಖಾತೆಯಲ್ಲಿಟ್ಟವನಿಗೆ

ಸ್ಲೋಟೆನ್
8 ನವೆಂಬರ್ 2024, ಶುಕ್ರವಾರ

ರಿನುಸ್,

ಹೆಸರಿನ ಹಿಂದೆ ಮುಂದೆ ಏನೂ ಸೇರಿಸಿಲ್ಲ, ನೋಡಿಕೊ. ನಿನಗೆ ಒಪ್ಪುವಂಥ ಒಂದೆರಡು ಮಾತು ಬಾಯಿಗೆ ಬಂದವು, ಆದರೆ ಅಮ್ಮನ ಮನೆಯಲ್ಲಿ ಅಮ್ಮನ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ, ಕಾಗದಕ್ಕಾದರೂ ಸ್ವಲ್ಪ ಮರ್ಯಾದೆ ಇರಲಿ. ಈ ಕಾಲದಲ್ಲಿ ಕೈಯಲ್ಲಿ ಏಕೆ ಬರೆಯುತ್ತಿದ್ದಾಳೆ ಎಂದುಕೊಳ್ಳಬೇಡ. ಫೋನಿನಲ್ಲಿ ಬರೆದರೆ ಅದನ್ನೂ ಯಾವುದಾದರೂ ಬಿಟ್ಟಿ ಖಾತೆಗೆ ತುಂಬಿ, ಆಮೇಲೆ ಆ ಕಡೆ ತಲೆಯೂ ಹಾಕದೆ ಸಾಯಿಸುತ್ತೀಯ.

ನೀನು ಕಳಿಸಿದ ಸಂದೇಶಗಳನ್ನೆಲ್ಲ ಓದಿದ್ದೇನೆ. “ಒಂದು ವಿಡಿಯೊ ಹೋಯ್ತು ಅಂತ ಯಾರಾದ್ರೂ ಮನೆ ಬಿಟ್ಟು ಹೋಗ್ತಾರಾ ಹಿಸ್ಕೆ?” ಎಂದು ಕೇಳಿದ್ದೀಯ. ಹೋಗುತ್ತಾರೆ. ನಾನು ಬಂದಿಲ್ಲವೇ? ಆದರೆ ವಿಡಿಯೊ ಹೋಯಿತು ಎಂದು ಬಂದವಳಲ್ಲ ನಾನು, ಅದು ಹೋದ ಮೇಲೆ ನೀನು ಮಾಡಿದ್ದಕ್ಕೆ ಬಂದಿದ್ದೇನೆ. ನಿನಗೆ ಎರಡೂ ಒಂದೇ ಅನ್ನಿಸುತ್ತಿರುವುದರಿಂದ ಮೊದಲಿನಿಂದ ಬರೆಯುತ್ತೇನೆ. ಪೂರ್ತಿ ಓದು. ಊಟ ಮಾಡುತ್ತಾ ಓದಬೇಡ.

ಅಪ್ಪ ಈ ಊರಿನ ಮಂಜುಗಡ್ಡೆಗೆ ಯಜಮಾನನಾಗಿದ್ದ. ಕಾಲುವೆ ಹೆಪ್ಪುಗಟ್ಟಿದಾಗ ಮೊದಲು ಇಳಿದು, ಕೊರೆದು, ದಪ್ಪ ಅಳೆದು, ಊರವರು ಸ್ಕೇಟ್ ಕಟ್ಟಿಕೊಂಡು ಇಳಿಯಬಹುದೋ ಬೇಡವೋ ಎಂದು ಹೇಳುತ್ತಿದ್ದವನು ಅವನೇ. ಆಮೇಲಾಮೇಲೆ ಚಳಿಗಾಲಗಳು ಕೆಟ್ಟುಹೋದವು, ಕಾಲುವೆಯ ನೀರು ನೀರಾಗಿಯೇ ಉಳಿಯಿತು, ಅಪ್ಪ ಕಿಟಕಿಯಲ್ಲಿ ಕೂತು ಅದನ್ನು ಬೈಯುತ್ತಾ ಮುದುಕನಾದ. ಕೊನೆಗೆ 2021ರ ಫೆಬ್ರವರಿಯಲ್ಲಿ ಒಂದು ವಾರ ಕಾಲುವೆ ಗಟ್ಟಿಯಾಗಿ ಹೆಪ್ಪುಗಟ್ಟಿತು. ಎಂಬತ್ತರ ಹತ್ತಿರ ಬಂದಿದ್ದ ಅಪ್ಪ, ಯಾರ ಮಾತೂ ಕೇಳದೆ ಇಳಿದ. ನೀನು ದಡದಲ್ಲಿ ನಿಂತು ವಿಡಿಯೊ ತೆಗೆದೆ. ಬೆನ್ನ ಹಿಂದೆ ಕೈ ಕಟ್ಟಿ, ಬಗ್ಗಿ, ಸೇತುವೆಯ ಕೆಳಗಿನಿಂದ ತೂರಿ ಬಂದು ಅಮ್ಮನ ಎದುರಿಗೆ ಕರ್ರೆಂದು ನಿಂತ. “ಬೌಕ್ಯೆ, ಇಳಿ ಕೆಳಗೆ, ನಾನಿದೀನಲ್ಲ” ಎಂದು ಕೈ ಚಾಚಿದ. ಅಮ್ಮ ಇಳಿಯಲಿಲ್ಲ. “ಈ ವಯಸ್ಸಲ್ಲಿ ಸೊಂಟ ಮುರ್ಕೊಳಕ್ಕಾ? ಹೋಗ್ರಿ ಸಾಕು” ಎಂದು ಬೈದಳು. ಮುಂದಿನ ವರ್ಷ ಅಪ್ಪ ಹೋದ. ಅವನ ಓಡಾಡುವ ಚಿತ್ರ ಅಂತ ನಮ್ಮಲ್ಲಿ ಇದ್ದದ್ದು ಅದೊಂದೇ. ಉಳಿದೆಲ್ಲದರಲ್ಲಿ ಅವನು ಕುರ್ಚಿಯಲ್ಲಿ ಕೂತು ಯಾರದೋ ಹುಟ್ಟುಹಬ್ಬದ ಕೇಕು ಹಿಡಿದಿದ್ದಾನೆ.

ಆಗ ಅಮ್ಮನಿಗೆ ಅದನ್ನು ನೋಡಲು ಆಗಲಿಲ್ಲ. “ಈಗ ಬೇಡ, ನಂಗೆ ತಡ್ಕೊಳಕ್ಕಾಗಲ್ಲ. ಇರ್ಲಿ ಬಿಡು, ಎಲ್ಲೂ ಓಡಿಹೋಗಲ್ವಲ್ಲ” ಎಂದಳು. ನೀನು ಅವಳ ಭುಜ ತಟ್ಟಿ ಹೇಳಿದೆ: “ಅತ್ತೆ, ಅದು ಕ್ಲೌಡಲ್ಲಿದೆ. ಮನೆಗೆ ಬೆಂಕಿ ಬಿದ್ರೂ ಅದಕ್ಕೇನೂ ಆಗಲ್ಲ.” ನಾನೂ ನಂಬಿದೆ. ನೀನು ಅಷ್ಟು ದೊಡ್ಡ ಧ್ವನಿಯಲ್ಲಿ ಹೇಳಿದರೆ ಯಾರು ನಂಬುವುದಿಲ್ಲ?

ನಿನ್ನ ಆ ಕ್ಲೌಡ್ ಎಂಥದ್ದು ಎಂದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಒಂದು ಬಿಟ್ಟಿ ಖಾತೆ ತೆರೆಯುವುದು, ಅದು ತುಂಬಿದರೆ ಜಾಗ ಕೊಳ್ಳುವ ಬದಲು ಇನ್ನೊಂದು ಬಿಟ್ಟಿ ಖಾತೆ, ಅದೂ ತುಂಬಿದರೆ ಮತ್ತೊಂದು. ನಿನ್ನ ಹೆಸರು ಮುಗಿಯಿತು, ನನ್ನ ಹೆಸರು ಮುಗಿಯಿತು, ಸತ್ತುಹೋದ ನಮ್ಮ ಬೆಕ್ಕಿನ ಹೆಸರಿಗೆ ಬಂದೆ. ಬೆಕ್ಕಿಗೊಂದು ಹುಟ್ಟಿದ ದಿನ, ಒಂದು ಮನೆತನದ ಹೆಸರು, ಒಂದು ಮೇಲ್ ವಿಳಾಸ. ನಾನು ನಕ್ಕಿದ್ದೆ. ಹುಟ್ಟುಹಬ್ಬಗಳಲ್ಲಿ ಎಲ್ಲರೂ ಸುತ್ತ ಕುರ್ಚಿ ಹಾಕಿ ಕೂತು, ಯಾರು ಯಾವುದನ್ನು ಎಷ್ಟು ಅಗ್ಗಕ್ಕೆ ಹೊಡೆದರು ಎಂದು ಜಂಬ ಕೊಚ್ಚಿಕೊಳ್ಳುವಾಗ ನಿನ್ನ ಸರದಿ ಬಂದರೆ ಇದೇ ಪುರಾಣ. “ದುಡ್ಡು ಕೊಟ್ಟು ಜಾಗ ತಗೊಳ್ಳೋರು ಪೆದ್ದರು ಕಣ್ರೀ. ತುಂಬ್ತಾ? ಇನ್ನೊಂದು ತೆಗೀರಿ. ಕಂಪನಿಯೋರು ಕೊಡ್ತೀವಿ ಅಂತಾರೆ, ನಾವ್ಯಾಕೆ ಬೇಡ ಅನ್ಬೇಕು?” ಎಲ್ಲರೂ ತಲೆ ಆಡಿಸುತ್ತಿದ್ದರು. ಇಬ್ಬರು ಮೂವರು ಅಲ್ಲೇ ಫೋನ್ ತೆಗೆದು ನಿನ್ನಿಂದ ಖಾತೆ ಮಾಡಿಸಿಕೊಂಡದ್ದೂ ಉಂಟು.

ಬಹಳ ದಿನ ತೆರೆಯದ ಬಿಟ್ಟಿ ಖಾತೆಯನ್ನು ಅವರು ಅಳಿಸಿಹಾಕುತ್ತಾರೆ ಎಂಬುದನ್ನು ಮಾತ್ರ ನೀನು ಓದಲಿಲ್ಲ. ಅಪ್ಪ ಇದ್ದದ್ದು ಬೆಕ್ಕಿನ ಖಾತೆಯಲ್ಲಿ, ತುಂಬಿದ ಖಾತೆಯ ಕಡೆ ನೀನು ತಿರುಗಿಯೂ ನೋಡುವವನಲ್ಲ. ಅವರು ಎಚ್ಚರಿಕೆ ಕಳಿಸಿರುತ್ತಾರೆ, ಒಂದಲ್ಲ ಹಲವು ಸಲ ಕಳಿಸಿರುತ್ತಾರೆ, ಬೆಕ್ಕಿನ ಮೇಲ್ ವಿಳಾಸಕ್ಕೆ. ಬೆಕ್ಕು ಓದಬೇಕಿತ್ತು.

ಇಲ್ಲಿಯವರೆಗಿನದನ್ನು ನಾನು ಕ್ಷಮಿಸುತ್ತಿದ್ದೆ. ಜಿಪುಣತನ ನಿನ್ನೊಬ್ಬನದೇ ಅಲ್ಲ. ಬಿಸ್ಕತ್ತಿನ ಡಬ್ಬಿ ತೆರೆದು ಒಂದು ಕೊಟ್ಟು ತಟ್ಟನೆ ಮುಚ್ಚುವ ಮನೆಯಲ್ಲೇ ನಾನೂ ಹುಟ್ಟಿದ್ದು.

ಈ ವಸಂತದಲ್ಲಿ ಕಣ್ಣಿನ ಡಾಕ್ಟರು ಅಮ್ಮನಿಗೆ ಹೇಳಿದರು. ನೋಟದ ನಡುಭಾಗ ಹೋಗುತ್ತಿದೆ, ಅಂಚು ಮಾತ್ರ ಉಳಿಯುತ್ತದೆ, ಅದೂ ಎಷ್ಟು ದಿನವೋ ಗೊತ್ತಿಲ್ಲ ಎಂದರು. ದಾರಿಯಲ್ಲಿ ಕಾರಿನಲ್ಲಿ ಅಮ್ಮ ಅಳಲಿಲ್ಲ. ಮನೆಗೆ ಬಂದು ಕೋಟು ತೆಗೆಯುತ್ತಾ, “ರಿನುಸ್‌ಗೆ ಹೇಳು, ಈಗ ಅದನ್ನ ನೋಡ್ತೀನಿ. ಕಣ್ಣು ಹೋಗೋದ್ರೊಳಗೆ ಒಂದ್ಸಲ ಅವರು ಜಾರ್ಕೊಂಡು ಬರೋದನ್ನ ನೋಡ್ಬೇಕು” ಎಂದಳು. ನಾನು ಹೇಳಿದೆ. ನೀನು “ಅದಕ್ಕೇನಂತೆ, ಭಾನುವಾರ ದೊಡ್ಡ ಟಿವಿಗೇ ಹಾಕ್ಕೊಡ್ತೀನಿ” ಎಂದೆ. ಅಂದೇ ಮೇಲಿನ ಕೋಣೆಗೆ ಹೋಗಿ ಹುಡುಕಿದೆ, ಖಾತೆಯೇ ಇಲ್ಲ ಎಂದು ಅಂದೇ ನಿನಗೆ ಗೊತ್ತಾಯಿತು. ಕೆಳಗಿಳಿದು ಬಂದು ಕಾಫಿ ಕೇಳಿದೆ.

ಅಲ್ಲಿಂದ ಶುರುವಾದದ್ದು ನಾನು ಕ್ಷಮಿಸಲಾರದ ಭಾಗ. ಭಾನುವಾರ ಬಂದರೆ ಅಮ್ಮ ತಲೆ ಬಾಚಿ, ಮುತ್ತಿನ ಓಲೆ ಹಾಕಿ, ಟಿವಿಯ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಓರೆಯಾಗಿ ಕೂರುತ್ತಿದ್ದಳು, ಅಂಚಿನ ನೋಟದಲ್ಲಿ ಕಾಣಲಿ ಎಂದು. ನೀನು ಫೋನ್ ತಟ್ಟುತ್ತಾ ನಾಟಕ ಆಡುತ್ತಿದ್ದೆ. ಒಂದು ವಾರ ಇಂಟರ್‌ನೆಟ್ ನಿಧಾನ. ಒಂದು ವಾರ ಟಿವಿ ಹಳೆಯದು. ಆಮೇಲೆ ಪಾಸ್‌ವರ್ಡ್ ಬದಲಾಗಿದೆ, ಕಂಪನಿಗೆ ಬರೆದಿದ್ದೇನೆ, ಬೇಸಿಗೆ ರಜೆಯಲ್ಲಿ ಅಲ್ಲಿ ಯಾರೂ ಕೆಲಸ ಮಾಡುವುದಿಲ್ಲ. ಅವಳು ಒಂದು ಸಲವೂ ರೇಗಲಿಲ್ಲ. “ಇರ್ಲಿ ಬಿಡಪ್ಪ, ನೀನು ಎಷ್ಟು ಅಂತ ಒದ್ದಾಡ್ತೀಯ. ಸೂಪ್ ಆರಿಹೋಗುತ್ತೆ, ಬಾ” ಎನ್ನುತ್ತಿದ್ದಳು. ನೀನು ಆ ಸೂಪನ್ನು ಎರಡೆರಡು ಸಲ ಬಡಿಸಿಕೊಂಡೆ. ವಾರ ವಾರವೂ ಅವಳ ಕಣ್ಣು ಇನ್ನಷ್ಟು ಮಸುಕಾಗುತ್ತಿತ್ತು, ನಿನಗೆ ಅದು ಗೊತ್ತಿತ್ತು. ಅಷ್ಟು ಕಾಲ ತಳ್ಳಿದರೆ ತಾನೇ ಕಾಣದಂತಾಗುತ್ತದೆ, ಆಮೇಲೆ ಕೇಳುವುದಿಲ್ಲ ಎಂದು ಲೆಕ್ಕ ಹಾಕಿದ್ದೆಯಾ? ಉತ್ತರ ಬೇಡ. ಹೌದು ಎಂದರೆ ನನಗೆ ವಾಂತಿಯಾಗುತ್ತದೆ, ಇಲ್ಲ ಎಂದರೆ ನಂಬಿಕೆ ಬರುವುದಿಲ್ಲ.

ನಮ್ಮ ಪಕ್ಕದ ಮನೆಯ ಊನೆ ಸಿಕ್ಕದೆ ಇದ್ದರೆ ನಾನು ಇನ್ನೂ ನಂಬಿಕೊಂಡೇ ಇರುತ್ತಿದ್ದೆ. ಕಳೆದ ವಾರ ಬ್ರೆಡ್ಡಿನ ಅಂಗಡಿಯಲ್ಲಿ ಸಿಕ್ಕಿ, “ನಿಮ್ಮಮ್ಮ ವಿಡಿಯೊ ನೋಡಿದ್ರಾ? ಹೇಗಿತ್ತು?” ಎಂದು ಕೇಳಿದ. ಅಪ್ಪ ಕಾಲುವೆಗೆ ಇಳಿದ ಆ ದಿನ ಅವನು ಸೇತುವೆಯ ಮೇಲೆ ನಿಂತು ಅಪ್ಪನನ್ನು ತನ್ನ ಫೋನಿನಲ್ಲೂ ಹಿಡಿದಿದ್ದನಂತೆ, ನನಗೆ ಗೊತ್ತೇ ಇರಲಿಲ್ಲ. ಜೂನ್‌ನಲ್ಲಿ ನಿನ್ನ ಹುಟ್ಟುಹಬ್ಬದಂದು, ನಾನು ಅಡುಗೆಮನೆಯಲ್ಲಿ ಸೇಬಿನ ಕೇಕು ಕತ್ತರಿಸುತ್ತಿದ್ದಾಗ, ಅವನು ಎಲ್ಲರ ಎದುರಿಗೆ ಕೇಳಿದನಂತೆ. “ರಿನುಸ್, ಈ ಫೋನು ಮಾರ್ತಿದೀನಿ. ನಿಮ್ಮ ಮಾವಂದು ಇದರಲ್ಲಿದೆ, ಕಳಿಸ್ಲಾ? ಇಲ್ಲಾ ನಿನ್ನ ಆ ಬಿಟ್ಟಿ ಉಗ್ರಾಣದಲ್ಲಿ ಇದೆಯಾ?” ಎಲ್ಲರೂ ನಕ್ಕರಂತೆ. ನೀನೂ ನಕ್ಕು, “ನನ್ಹತ್ರ ಎರಡೆರಡು ಕಡೆ ಇದೆ ಮಾರಾಯ. ಅಳಿಸಿಬಿಡು” ಎಂದೆಯಂತೆ.

ಅಳಿಸಿಬಿಡು ಎಂದೆ. ನಿನ್ನದು ಹೋಗಿದೆ ಎಂದು ಗೊತ್ತಿದ್ದೇ ಹೇಳಿದೆ.

ಊನೆ ಆ ಫೋನನ್ನು ಆಮೇಲೂ ಮೂರು ವಾರ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದ, ಎಲ್ಲ ಅಳಿಸಿ ಮಾರಿದ್ದು ಅದಾದ ಮೇಲೆಯೇ. ಮಾರನೆಯ ದಿನ ಬೇಲಿಯ ಬಳಿ ಹೋಗಿ, ತಮ್ಮಾ, ನನ್ನದು ಹೋಗಿದೆ, ಕೊಡು ಎಂದು ಕೇಳಿದ್ದರೆ ಕೊಡುತ್ತಿದ್ದ. ಹುಟ್ಟುಹಬ್ಬಗಳಲ್ಲಿ ಒಂದೆರಡು ವರ್ಷ ನಿನ್ನನ್ನು ಆಡಿಕೊಳ್ಳುತ್ತಿದ್ದರು, ಅಷ್ಟೇ. ಆ ನಗುವನ್ನು ತಪ್ಪಿಸಿಕೊಳ್ಳಲು ನೀನು ನನ್ನ ಅಪ್ಪನನ್ನು ಎರಡನೆಯ ಸಲ ಅಳಿಸಿದೆ. ಮೊದಲನೆಯದು ಮರೆವು, ಇದು ನೀನೇ ಮಾಡಿದ್ದು.

ನಾನು ಮನೆಗೆ ಬಂದು ಕೇಳಿದಾಗ ನೀನು ಬ್ರೆಡ್ಡಿನ ಮೇಲೆ ಚಾಕೊಲೇಟ್ ಕಾಳು ಉದುರಿಸಿಕೊಂಡು ತಿನ್ನುತ್ತಿದ್ದೆ. ಐವತ್ತೆಂಟು ವರ್ಷದ ಗಂಡಸು. ಎಲ್ಲವನ್ನೂ ಒಪ್ಪಿಕೊಂಡೆ, ಆದರೆ ಅಗಿಯುವುದನ್ನು ನಿಲ್ಲಿಸಲಿಲ್ಲ. ನಾನು ನಿನ್ನ ಫೋನ್ ಕಿತ್ತುಕೊಂಡು ಹುಡುಕಿದೆ, ಎಲ್ಲಾದರೂ ಒಂದು ಚೂರು ಉಳಿದಿದೆಯೇನೋ ಎಂದು. ಏನೇನಿದೆ ಅದರಲ್ಲಿ! ಕಾರು ನಿಲ್ಲಿಸಿದ ಜಾಗ, ಗ್ಯಾಸಿನ ಮೀಟರು, ಸ್ನಾನದ ಮನೆಯ ಟೈಲ್ಸು ಹತ್ತು ಕೋನದಿಂದ, ಬಾಲ ಹಿಡಿದು ನೀನು ಬಾಯಿಗಿಳಿಸುತ್ತಿರುವ ಹೆರಿಂಗ್ ಮೀನು. ಅದೆಲ್ಲ ಭದ್ರವಾಗಿದೆ. ಆಗ ನೀನು ಬಂದು, ನನ್ನನ್ನು ಸಮಾಧಾನ ಮಾಡುವ ಧಾಟಿಯಲ್ಲಿ ಅಂದದ್ದು ನೆನಪಿದೆಯಾ? “ಅಳ್ಬೇಡ ಕಣೇ. ಇವತ್ತೇ ಹೊಸ ಖಾತೆ ತೆಗೀತೀನಿ. ಮಾವನ ಹೆಸರಲ್ಲೇ ತೆಗೀತೀನಿ, ಆಗ ಮರೆಯಕ್ಕೇ ಆಗಲ್ಲ.”

ಥೂ. ಅಷ್ಟು ಹೊತ್ತು ನನ್ನಲ್ಲಿ ಕೋಪ ಇತ್ತು ರಿನುಸ್, ಕೋಪದಲ್ಲಿ ಜಗಳ ಆಡಿ ಮಲಗಬಹುದಿತ್ತು. ಆ ಮಾತು ಕೇಳಿದ ಮೇಲೆ ಉಳಿದದ್ದು ಅಸಹ್ಯ ಮಾತ್ರ. ನಿನ್ನ ಟವೆಲ್ಲಿನ ಪಕ್ಕ ನನ್ನ ಟವೆಲ್ಲು ನೇತಾಡುವುದೂ ಬೇಡ ಎನ್ನಿಸಿತು. ಚೀಲ ತುಂಬಿದೆ, ಬಂದೆ.

ಅಮ್ಮನಿಗೆ ಇನ್ನೂ ಏನೂ ಹೇಳಿಲ್ಲ. ಪಕ್ಕೆಲುಬು ನೋಯುವಷ್ಟು ಕೆಮ್ಮು, ಸ್ವಲ್ಪ ದಿನ ಇಲ್ಲೇ ಇರುತ್ತೇನೆ ಎಂದು ಹೇಳಿ ಬಂದಿದ್ದೇನೆ. ಅದು ಸುಳ್ಳಲ್ಲ, ಕೆಮ್ಮು ಇದೆ. ನಾನು ನಿನ್ನಂತೆ ಸುಳ್ಳು ಹೇಳುವವಳಲ್ಲ. ಈ ಭಾನುವಾರಕ್ಕೆ ಈ ಕಾಗದ ನಿನಗೆ ತಲುಪುವುದಿಲ್ಲ. ಹಾಗಾಗಿ ಅದರ ಮುಂದಿನ ಭಾನುವಾರ ಬಾ. ಅಮ್ಮನ ಎದುರಿಗೆ ಕೂತು, ವಿಡಿಯೊ ಇಲ್ಲ, ವಸಂತದಿಂದಲೂ ಇರಲಿಲ್ಲ, ಊನೆಯ ಹತ್ತಿರ ಇದ್ದದ್ದನ್ನೂ ನಾನೇ ಅಳಿಸಲು ಹೇಳಿದೆ ಎಂದು ನಿನ್ನ ಬಾಯಲ್ಲೇ ಹೇಳು. ಅವಳಿಗೆ ಈಗ ಎದುರಿಗೆ ಕೂತವರ ಮುಖ ಕಾಣುವುದಿಲ್ಲ. ನಿನಗೆ ಅನುಕೂಲವೇ ಆಯಿತು. ಹೇಳಿದ ಮೇಲೆ ನಾವಿಬ್ಬರೂ ಮಾತಾಡೋಣ, ಒಂದೇ ಮನೆಯಲ್ಲಿ ಇರುತ್ತೇವೋ ಇಲ್ಲವೋ ಅಂತ.

ಸೂಪು ಇರುತ್ತದೆ. ನಿನಗೆ ಬಡಿಸುವುದಿಲ್ಲ.

ಸದ್ಯಕ್ಕೆ ಇನ್ನೂ ನಿನ್ನ ಹೆಂಡತಿ,
ಹಿಸ್ಕೆ

ತಾ.ಕ.: ಭಾನುವಾರ ಸಂಜೆ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸಿರಲಿಲ್ಲ.

ಇವತ್ತು ಅಮ್ಮ ಓಲೆ ಹಾಕಿಕೊಂಡು ಕುರ್ಚಿ ಎಳೆದುಕೊಂಡಳು. “ರಿನುಸ್ ಬರಲಿಲ್ಲ ಅಂದ್ರೆ ಏನು, ನೀನೇ ಹಾಕಕ್ಕೆ ಬರುತ್ತಾ ನೋಡು. ಇವತ್ತು ಅಂಚಲ್ಲಿ ಒಸಿ ಚೆನ್ನಾಗಿ ಕಾಣ್ತಿದೆ” ಎಂದಳು. ಹೇಳಿಬಿಡೋಣ ಎಂದೇ ಕೂತೆ. ಅವಳು ಮುಖವನ್ನು ಓರೆ ಮಾಡಿ ಕಾಯುತ್ತಿದ್ದಳು. ಫೋನಿನಲ್ಲಿ ಹುಡುಕಿ ಯಾರೋ ಒಬ್ಬ ಮುದುಕನನ್ನು ಟಿವಿಗೆ ಹಾಕಿದೆ, ಯಾವ ಊರಿನವನೋ ಗೊತ್ತಿಲ್ಲ, ಬೆನ್ನ ಹಿಂದೆ ಕೈ ಕಟ್ಟಿ ಕಾಲುವೆಯ ಮೇಲೆ ಜಾರಿಕೊಂಡು ಬರುತ್ತಾನೆ. ಧ್ವನಿ ಆರಿಸಿದೆ. ಗಾಳಿ ಜಾಸ್ತಿ ಇತ್ತು ಅಮ್ಮ, ಏನೂ ಕೇಳಿಸುವುದಿಲ್ಲ ಎಂದೆ.

ಅಮ್ಮ ಕೈ ಬಾಯಿಗೆ ಹಿಡಿದು ನೋಡಿದಳು. “ಎಷ್ಟು ಬಗ್ಗಿದಾರೆ ನೋಡು, ಹಟಮಾರಿ! ಅವತ್ತು ಬೆನ್ನು ಹಿಡ್ಕೊಂಡಿದೆ ಅಂತ ನನ್ನ ಕೈಲೇ ಮುಲಾಮು ತಿಕ್ಕಿಸ್ಕೊಂಡ್ರು” ಎಂದು ನಕ್ಕಳು, ಅತ್ತಳು, ಇನ್ನೊಂದು ಸಲ ಹಾಕು ಎಂದಳು. ಆರು ಸಲವೋ ಏಳು ಸಲವೋ ಹಾಕಿದೆ. ನನ್ನ ಮೇಲೆ ನನಗೇ ಹೇಸಿಗೆ ಹುಟ್ಟಿದೆ, ಆದರೂ ಅವಳ ಮುಖ ನೀನು ನೋಡಬೇಕಿತ್ತು. ಕೊನೆಗೆ ಹೇಳಿದಳು: “ರಿನುಸ್ ಪಾಪ ಎಷ್ಟು ಜೋಪಾನವಾಗಿ ಇಟ್ಟಿದಾನೆ. ನಾನು ಥ್ಯಾಂಕ್ಸ್ ಹೇಳ್ದೆ ಅಂತ ಬರಿ ಅವನಿಗೆ.” ಬರೆದಿದ್ದೇನೆ.

ಮುಂದಿನ ಭಾನುವಾರ ಬರಬೇಡ. ಬಂದು ಏನೂ ಹೇಳಬೇಡ. ಆ ಮುದುಕನ ವಿಡಿಯೊ ಈಗ ನನ್ನ ಫೋನಿನಲ್ಲಿದೆ, ನಿನಗೂ ಕಳಿಸುತ್ತೇನೆ. ಅಮ್ಮ ಇರುವಷ್ಟು ದಿನ ಅದು ಎಲ್ಲೂ ಹೋಗಕೂಡದು. ದುಡ್ಡು ಕೊಟ್ಟು ಇಡು.