ಸ್ಕ್ರೀನಿನಲ್ಲಿ ಇಲ್ಲದ ಹುಣಸೆಮರ

ನಂಜುಂಡ ಮಾವನಿಗೆ,

ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಪತ್ರ.

ಕಬಿನಿ ಹಿನ್ನೀರಿನಲ್ಲಿ ಓಡಿಸುವ ಹಾಯಿದೋಣಿಗೆ ಯಾವ ಜಿಪಿಎಸ್ ಹಾಕಿಸಲಿ ಎಂದು ಕೇಳಿದವರು ನೀವೇ. ಸ್ಕ್ರೀನ್ ಚಿಕ್ಕದಾದರೂ ಸರಿ, ನೀರಿನೊಳಗೆ ಇರುವುದನ್ನು ತೋರಿಸುವ ಸೋನಾರ್ ಇರಲೇಬೇಕು ಎಂದಿದ್ದೆ. "ಒಳಗಡೆ ಏನಿದ್ರೇನವ್ವ, ಬುಡು. ಟೂರಿಸ್ಟ್‌ಗಳ್ಗೆ ಸ್ಕ್ರೀನ್ ದೊಡ್ಡದಾಗಿ ಕಾಣ್ಬೇಕು ಕಣವ್ವ" ಎಂದು ನಕ್ಕು, ಸೋನಾರ್ ಇಲ್ಲದ್ದನ್ನು ತಂದಿರಿ.

ಭಾನುವಾರ ದೋಣಿಯು ನೀರಿನಡಿಯ ಹುಣಸೆಮರದ ಬೊಡ್ಡೆಗೆ ಬಡಿದು, ಅದರಲ್ಲಿದ್ದ ತಂಗಿ ಪುಟ್ಟಿಯ ಕೈ ಮುರಿಯಿತು. ಸ್ಕ್ರೀನಿನಲ್ಲಿ ಆ ಜಾಗ ಬರೀ ನೀಲಿಯಾಗಿತ್ತಂತೆ. ಈಗ ನೀವು ಊರಿಗೆಲ್ಲ, "ಇಂಜಿನಿಯರಿಂಗ್ ಓದೋ ನಮ್ಮಕ್ಕನ ಮಗ್ಳು ಆರ್ಸಿದ ಮೆಷಿನ್ನು" ಅನ್ನುತ್ತಿದ್ದೀರಿ. ಅಮ್ಮ ನನ್ನೊಂದಿಗೆ ಸರಿಯಾಗಿ ಮಾತಾಡುತ್ತಿಲ್ಲ. ನಾಳೆ ಇಂಟರ್ನಲ್ಸ್ ಪರೀಕ್ಷೆ, ಪುಸ್ತಕ ತೆರೆದರೆ ಪುಟ್ಟಿಯ ಪ್ಲಾಸ್ಟರ್ ಕಣ್ಣ ಮುಂದೆ ಬರುತ್ತದೆ.

ಮಾವ, ಬೇಸಿಗೆಯಲ್ಲಿ ನೀರು ಇಳಿದಾಗ ಅಲ್ಲೇ ಹುರುಳಿ ಬಿತ್ತುವವರು ನೀವು. ಎತ್ತು ಕಟ್ಟುವುದೂ ಆ ಬೊಡ್ಡೆಗೇ. ಅದು ನೆನಪಾಗಲು ನಿಮಗೆ ಯಾವ ಮೆಷಿನ್ ಬೇಕಿತ್ತು?

ದಯವಿಟ್ಟು ಅಮ್ಮನ ಮುಂದೆ ಕೂತು, "ಆರ್ಸಿದ್ದು ನಾನೇ ಕಣಕ್ಕ" ಅಂತ ಹೇಳಿ. ಪುಟ್ಟಿಗೂ ಕೇಳಿಸಲಿ. ಅಲ್ಲಿಯವರೆಗೆ ದೋಣಿ ಕಟ್ಟಿಹಾಕಿ. ಬೊಡ್ಡೆ ಎಲ್ಲಿದೆ ಅಂತ ನಿಮಗೆ ಗೊತ್ತೇ ಇದೆ.

ನಿಮ್ಮಕ್ಕನ ದೊಡ್ಡ ಮಗಳು,
ಭೂಮಿಕಾ