ಹೊಲಿಗೆಯವರು ರಜೆಯಲ್ಲಿದ್ದಾರೆ

ಅಂಗಡಿಯಿಂದ,
ಸೋಮವಾರ, ಹನ್ನೆರಡನೇ ತಾರೀಖು

ಪ್ರೀತಿಯ ಇವಳೇ,

ಹೇಗಿದ್ದೀಯ? ನಿನ್ನ ತಂಗಿಗೆ ಹೆರಿಗೆ ಸುಸೂತ್ರವಾಯಿತೆಂದು ಅತ್ತೆ ಫೋನ್ ಮಾಡಿ ಹೇಳಿದರು. ಮಗುವಿಗೆ ಈ ದೊಡ್ಡಪ್ಪನ ಮೂಗು ಬರುವ ಭಯವಿಲ್ಲ, ಪುಣ್ಯ ಮಾಡಿದೆ. ನಿನ್ನ ಹೆಬ್ಬೆರಳಿಗೆ ಸೂಜಿ ಚುಚ್ಚಿದ್ದ ಗಾಯ ಮಾಗಿತೇ? ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಹಿಡಿದರೆ ಯಾವ ದನಿಯಲ್ಲಿ ಮಾತಾಡಬೇಕೆಂದೇ ನನಗೆ ತಿಳಿಯದು. ಒಬ್ಬನೇ ನಡೆಸುವ ಸೋಫಾ ರಿಪೇರಿ ಅಂಗಡಿ ಎಂದು ಗೊತ್ತಾದರೆ ಗಿರಾಕಿಗಳು ಹಗುರವಾಗಿ ನೋಡುತ್ತಾರೆಂದು, ಮೊದಲು ತೆಳ್ಳನೆ ದನಿಯಲ್ಲಿ "ಇರಿ, ಮಾಲೀಕರಿಗೆ ಕೊಡ್ತೀನಿ" ಎಂದು, ಒಮ್ಮೆ ಕೆಮ್ಮಿ, ಆಮೇಲೆ ದಪ್ಪ ದನಿಯಲ್ಲಿ "ಹೇಳಿ" ಎನ್ನುತ್ತಿದ್ದೆನಲ್ಲ. ನೀನು ಸ್ಪಂಜಿನ ರಾಶಿಯ ಹಿಂದೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆ. ಇಲ್ಲದವರನ್ನೆಲ್ಲ ಹುಟ್ಟಿಸುತ್ತಾ ಹುಟ್ಟಿಸುತ್ತಾ, ಪಕ್ಕದಲ್ಲೇ ಇದ್ದವಳನ್ನು ಇಲ್ಲವಾಗಿಸಿದೆ.

ಅವತ್ತು ಹೋಟೆಲಿನ ಮೇಡಂ ತಮ್ಮ ಸೋಫಾಗಳ ಕೆಲಸದ ಬಗ್ಗೆ ವಿಚಾರಿಸಲು ಬಂದು ನಮ್ಮಲ್ಲಿ ಎಷ್ಟು ಜನ ಕೆಲಸದವರು ಎಂದು ಕೇಳಿದಾಗಲೇ ನೀನು ಒಳಗಿನಿಂದ ಬಂದೆ. ತಲೆ ತುಂಬ ಸ್ಪಂಜಿನ ಪುಡಿ, ಕೈಯಲ್ಲಿ ಡೊಂಕು ಸೂಜಿ. "ಇವರು ನಮ್ಮ ಹೊಲಿಗೆಯವರು, ಉಳಿದವರು ಊಟಕ್ಕೆ ಹೋಗಿದ್ದಾರೆ" ಎಂದುಬಿಟ್ಟೆ. ನೀನು ಒಂದು ಗಳಿಗೆ ನನ್ನನ್ನೇ ನೋಡಿ, "ಮೂಲೆ ಹೊಲಿಗೆ ಆಯ್ತು ಸಾರ್, ಗುಂಡಿ ಹಾಕ್ಲಾ?" ಎಂದೆ. ನೀನು ನನ್ನ ಮಾನ ಉಳಿಸಿದೆ ಎಂದುಕೊಂಡು ನಾನು ಒಳಗೊಳಗೇ ಹಿಗ್ಗಿದೆ. ಸಂಜೆ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತು, "ಸ್ವಲ್ಪ ದಿನ ರಜೆ ಬೇಕಿತ್ತು ಸಾರ್" ಎಂದೆಯಲ್ಲ, ಆಗಲೂ ತಮಾಷೆಯೆಂದು ಹಲ್ಲು ಕಿರಿದೆ. ಬಸ್ಸು ತಿರುವು ದಾಟುವವರೆಗೂ ನೀನು ಕಿಟಕಿಯಿಂದ ನೋಡಲೇ ಇಲ್ಲ; ಆಮೇಲೂ ನಾನು ಅಲ್ಲೇ ಕೈ ಬೀಸುತ್ತಾ ನಿಂತಿದ್ದೆ.

ಇನ್ನೂ ಕೇಳು. ನಿನ್ನೆ ಅದೇ ಮೇಡಂ ಬಂದು, ನೀನು ಹೊಲಿದ ಸೋಫಾ ಮೂಲೆಯ ಮೇಲೆ ಬೆರಳಾಡಿಸಿ, ಇದನ್ನು ಮಾಡಿದವರೆಲ್ಲಿ ಎಂದರು. "ರಜೆಯಲ್ಲಿದ್ದಾರೆ" ಎಂದೆ. ಮತ್ತೆ! ಅವರು ಹೋದ ಮೇಲೆ ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಳ್ಳಲೂ ನಾಚಿಕೆಯಾಯಿತು. ಉಳಿದ ಮೂಲೆಗಳನ್ನು ನಾನೇ ಹೊಲಿಯಲು ಹೋದೆ. ಒಂದೊಂದೂ ಹಲ್ಲುನೋವಿನ ಕೆನ್ನೆಯಂತೆ ಊದಿಕೊಂಡು ಕುಳಿತವು, ಎಲ್ಲ ಬಿಚ್ಚಿದೆ. ಅಂಗಡಿಯ ನೋಂದಣಿಯ ದಿನ ಗುಮಾಸ್ತ, ಪಾಲುದಾರರು ಯಾರಾದರೂ ಇದ್ದಾರಾ ಎಂದಾಗ "ಇಲ್ಲ, ನಾನೊಬ್ನೇ" ಎಂದು ಎದೆಯುಬ್ಬಿಸಿದ್ದು ನೆನಪಾಯಿತು. ಪಕ್ಕದಲ್ಲಿ ನನ್ನ ಕೊಡೆ ಹಿಡಿದುಕೊಂಡು ನಿಂತಿದ್ದವಳು ನೀನೇ. ಅಲ್ಲಿಂದಲೇ ಶುರುವಾಗಿತ್ತು ಅನ್ನಿಸುತ್ತದೆ.

ಅತ್ತೆ ಮಾವನಿಗೆ ನಮಸ್ಕಾರ ತಿಳಿಸು, ಬಾಣಂತಿಯನ್ನು ಚೆನ್ನಾಗಿ ನೋಡಿಕೋ, ಮಗುವಿಗೆ ನನ್ನದೊಂದು ಮುತ್ತು. ನಿನಗೇನು ಹೇಳಲಿ, ಮುಖವಿಲ್ಲ.

ಇಂತು ನಿನ್ನವನು,
ಸಾರ್ ಅಲ್ಲ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಹೋಟೆಲಿನ ಮೇಡಂ ಫೋನ್ ಬಂತು. ಕೆಮ್ಮಲಿಲ್ಲ. ಕೆಲಸದವರು ಯಾರೂ ಇಲ್ಲ, ಅವತ್ತು ನೋಡಿದವಳು ನನ್ನ ಹೆಂಡತಿ, ಅವಳು ಒಪ್ಪಿದರೆ ಮಾತ್ರ ಈ ಕೆಲಸ ಎಂದು ನನ್ನ ದನಿಯಲ್ಲೇ ಹೇಳಿ ನಿನ್ನ ನಂಬರು ಕೊಟ್ಟೆ. ಶುಕ್ರವಾರ ನಿನಗೆ ಫೋನ್ ಮಾಡುತ್ತಾರಂತೆ. ನಿನಗೆ ತೋಚಿದ್ದು ಹೇಳು. ನನ್ನ ಬಗ್ಗೆ ಕೇಳಿದರೆ, ಕೆಲಸದವನು ಊಟಕ್ಕೆ ಹೋಗಿದ್ದಾನೆ ಎಂದರೂ ಸರಿಯೇ.